ಕೋಚ್ ಮನೆಯ ಮುಂದೆ ನನ್ನ ಬೋರ್ಡು

ನವೆಂಬರ್ 2, ಭಾನುವಾರ

ನಿನ್ನೆ ನಮ್ಮೂರ ಕಾಲೇಜಿನ ಫುಟ್‌ಬಾಲ್ ಪಂದ್ಯ, 31–10ರಲ್ಲಿ ಸೋತೆವು. ಸತತ ನಾಲ್ಕನೆಯ ಸೋಲು, ಕೋಚ್ ವಾಲ್ಟ್ ಕೋಸ್ಟರ್ ಅವರ ಇಪ್ಪತ್ತೆರಡು ವರ್ಷಗಳಲ್ಲಿ ಇದೇ ಮೊದಲು ಎಂದು ಬೆಳಗಿನ ಪತ್ರಿಕೆ. ಚರ್ಚಿಗೆ ಹೊರಡುವಾಗ ಜೋಯ್ಸ್ ಫೋನ್ ಮಾಡಿದಳು. ಕೋಚ್‌ನ ಹೆಂಡತಿ, ನನ್ನ ಗೆಳತಿ.

"ಲೊರೀನ್, ನಮ್ಮನೆ ಯಾವಾಗಿಂದ ಮಾರಾಟಕ್ಕಿದೆ ಕಣೇ?"

ಹೋಗಿ ನೋಡಿದೆ. ಅವರ ಹುಲ್ಲುಹಾಸಿನ ನಡುವೆ ನನ್ನದೇ ಬೋರ್ಡು. "ಮನೆ ಮಾರಾಟಕ್ಕಿದೆ" — ಕೆಳಗೆ ನನ್ನ ನಗುಮುಖ, ನನ್ನ ನಂಬರು. ಓಕ್ ಬೀದಿಯಲ್ಲಿ ನಾನು ಏಜೆಂಟಾಗಿ ಮಾರಿಸುತ್ತಿರುವ ಮನೆಯ ಮುಂದಿಂದ ರಾತ್ರಿ ಯಾರೋ ಕಿತ್ತು ತಂದಿದ್ದಾರೆ. ಸೋತ ಕೋಚ್‌ಗೆ, ಜಾಗ ಖಾಲಿ ಮಾಡು ಎಂದು ಈ ಊರಿನವರು ಹೀಗೆ ಮಾಡುವುದು ಹೊಸದಲ್ಲ. ವಾಲ್ಟ್ ತಾನೇ ಕಿತ್ತು, ಮಣ್ಣು ಒರೆಸಿ, ನನ್ನ ಕಾರಿನ ಡಿಕ್ಕಿಯಲ್ಲಿಟ್ಟ.

"ಫೋಟೊ ಚೆನ್ನಾಗಿ ಬಂದಿದೆ ಲೊರೀನ್" ಎಂದ. ಅಷ್ಟೇ.

ನವೆಂಬರ್ 4

ಬೋರ್ಡಿನ ಚಿತ್ರ ತಂಡದ ಅಭಿಮಾನಿಗಳ ಆನ್‌ಲೈನ್ ಪುಟಕ್ಕೆ ಹೋಗಿದೆ. ನಂಬರಿನ ಸಮೇತ. ನಿನ್ನೆಯಿಂದ ಫೋನು ಬಿಟ್ಟಿಲ್ಲ. ಮನೆ ಕೊಳ್ಳಲು ಒಬ್ಬರೂ ಇಲ್ಲ, ವಾದ ಮಾಡಲು ಎಲ್ಲರೂ.

"ಮೇಡಂ, ಎಷ್ಟಕ್ಕೆ ಕೊಡ್ತೀರಿ? ಕೋಚ್ ಸಮೇತನಾ?"

"ಮನೆ ಮಾರಾಟಕ್ಕಿಲ್ಲ ರೀ."

"ಇರ್ಬೇಕಿತ್ತು! ಒಂದು ಗಜ ಮುಂದೆ ನುಗ್ಗಿದ್ರೆ ಸಾಕಿತ್ತು, ಒಂದೇ ಗಜ. ಅದು ಬಿಟ್ಟು ಚೆಂಡು ಒದೆಸಿ ಅವರ ಕೈಗೇ ಕೊಟ್ಬಿಟ್ಟ ಪುಣ್ಯಾತ್ಮ!"

ಮುಂದಿನವರು ಮುದುಕರು. "ನೂರ ನಲವತ್ತೆಂಟು ಗೆಲುವಮ್ಮ. ಅವನಿಗಿಂತ ಮುಂಚೆ ಈ ಕಾಲೇಜಿನ ಹೆಸರು ಪಕ್ಕದ ಜಿಲ್ಲೇಲೂ ಗೊತ್ತಿರ್ಲಿಲ್ಲ. ಆ ಹುಡುಗರಿಗೆ ಹೇಳಿ."

ಯಾವ ಹುಡುಗರಿಗೆ? ಹೇಳುತ್ತೇನೆ ಎಂದೆ.

ನಮ್ಮ ಮನೆಯಲ್ಲೂ ಅದೇ. ಗಂಡ ರಸ್ ಚಿಲ್ಲಿ ಸಾರು ಬಡಿಸಿಕೊಳ್ಳುತ್ತ — "ನೂರ ನಲವತ್ತೆಂಟು ಸರಿ. ನಮ್ಮ ಎದುರಾಳಿ ಮಿಲ್‌ಬ್ರೂಕ್ ಕಾಲೇಜಿನ ಮೇಲೆ? ಒಂಬತ್ತು ವರ್ಷದಲ್ಲಿ ಒಂದು! ಸಣ್ಣಪುಟ್ಟ ಕಾಲೇಜುಗಳನ್ನ ಬಡಿದು ಲೆಕ್ಕ ಬೆಳೆಸೋದು ದಾಖಲೆನಾ?"

"ಜೋಯ್ಸ್ ನನ್ನ ಗೆಳತಿ ಕಣೋ."

"ಅವಳೇನೂ ಆಡಿಸ್ತಿಲ್ವಲ್ಲ!"

ನವೆಂಬರ್ 6, ಮಧ್ಯಾಹ್ನ

ಕ್ಯಾನ್ಸಸ್‌ನಿಂದ ಒಂದು ಕರೆ. ಮೆತ್ತಗಿನ ದನಿ. ಅವರೂ ವಾದಕ್ಕೇ ಬಂದರೆಂದುಕೊಂಡೆ.

"ಆ ಮನೆ ಮಾರಾಟಕ್ಕಿಲ್ಲ" ಎಂದೆ, ಅವರು ಕೇಳುವ ಮುಂಚೆಯೇ.

"ಗೊತ್ತು ಮೇಡಂ. ಚಿತ್ರ ನೋಡಿದೆ, ಪಾಪ ಅನ್ನಿಸ್ತು. ನಿಮ್ಮ ನಂಬರು ಅಲ್ಲೇ ಸಿಕ್ತು. ನಿಜವಾಗ್ಲೂ ಒಂದು ಮನೆ ಬೇಕು. ಮೂರು ಮಕ್ಕಳು. ಕಾಲೇಜಿಗೆ ನಡೆದು ಹೋಗೋ ಹಾಗಿದ್ರೆ ಒಳ್ಳೇದು. ಜನವರಿಗೆ."

"ಪಾಠ ಮಾಡೋಕೆ ಬರ್ತಿದೀರಾ?"

"ಇನ್ನೂ ಹೇಳೋ ಹಾಗಿಲ್ಲ ಮೇಡಂ. ನಿಮ್ಮಲ್ಲೇ ಇರ್ಲಿ."

ಹೆಸರು ಬರೆದುಕೊಂಡು ಆಮೇಲೆ ಹುಡುಕಿದೆ. ಅಲ್ಲಿನ ಕಾಲೇಜೊಂದರ ಫುಟ್‌ಬಾಲ್ ಕೋಚ್. ಮೂವತ್ತೆಂಟು ವರ್ಷ. ಈ ವರ್ಷ ಒಂದು ಪಂದ್ಯವೂ ಸೋತಿಲ್ಲ.

ವಾಲ್ಟ್‌ನ ಜಾಗ ತುಂಬಿ ಆಗಿದೆ. ವಾಲ್ಟ್‌ಗೆ ಗೊತ್ತಿಲ್ಲ.

ನವೆಂಬರ್ 7

ಗಿರಾಕಿ ನಂಬಿ ಹೇಳಿದ್ದನ್ನು ಹೊರಗೆ ಬಿಡುವಂತಿಲ್ಲ. ಲೈಸೆನ್ಸಿನ ಮೊದಲ ಪಾಠವೇ ಇದು. ಬಿಟ್ಟರೆ ಲೈಸೆನ್ಸು ಹೋಗುತ್ತದೆ. ರಸ್‌ಗೂ ಹೇಳಿಲ್ಲ — ಅವನಿಗೆ ಹೇಳಿದರೆ ಸಂಜೆಯೊಳಗೆ ಊರಿಗೇ ಗೊತ್ತು.

ನವೆಂಬರ್ 11

ನಾಲ್ಕು ದಿನ ಜೋಯ್ಸ್‌ಳ ಕರೆ ಎತ್ತಿರಲಿಲ್ಲ. ಇವತ್ತು ಅವಳೇ ಕಚೇರಿಗೆ ಬಂದಳು. ಕೈಯಲ್ಲಿ ಟೈಲ್ಸ್ ತುಂಡುಗಳು.

"ಅಡುಗೆಮನೆ ಒಡೆಸ್ತಾ ಇದೀವಿ ಕಣೇ. ಕೋಚ್ ಆಗಿ ಇನ್ನೂ ಎರಡು ವರ್ಷ ಗ್ಯಾರಂಟಿ ಅಂತ ಕಾಲೇಜಿನ ಕ್ರೀಡಾ ನಿರ್ದೇಶಕರು ವಾಲ್ಟ್‌ಗೆ ಕೈಕುಲುಕಿ ಹೇಳಿದಾರೆ. ಕೆಲಸದವರು ಗುರುವಾರ ಬರ್ತಾರೆ. ಹಸಿರೋ, ಬೂದೋ?"

ಬಾಯಿಗೆ ಬಂದೇಬಿಟ್ಟಿತ್ತು... "ಜನವರಿವರೆಗೆ ತಡೀಬಾರದಾ?" ಎಂದೆ.

"ಯಾಕೆ?"

"ಚಳಿಗಾಲ ಅಲ್ವಾ... ಒಲೆ ಇಲ್ದೆ ಕಷ್ಟ."

ಜೋಯ್ಸ್ ಟೈಲ್ಸುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು. "ನೀನೂ ಅವರ ಕಡೆ ಸೇರ್ಬಿಟ್ಟೆಯಾ ಲೊರೀನ್? ಬೋರ್ಡಿನ ವಿಷ್ಯದಲ್ಲಿ ನಾನು ನಿನ್ನನ್ನ ಒಂದು ಮಾತು ಅಂದಿಲ್ಲ."

ಇಲ್ಲ ಎಂದೆ. ಬೂದು ಚೆನ್ನಾಗಿದೆ ಎಂದೆ.

ನವೆಂಬರ್ 15, ಶನಿವಾರ ಸಂಜೆ

ಗೆದ್ದೆವು. ಮಿಲ್‌ಬ್ರೂಕ್ ಮೇಲೆ, 24–21. ಕೊನೆಯ ನಿಮಿಷ, ಒಂದು ಗಜ ಬೇಕಿತ್ತು. ಈ ಸಲ ವಾಲ್ಟ್ ಚೆಂಡು ಒದೆಸಲಿಲ್ಲ. ನುಗ್ಗಿಸಿದ. ರೇಡಿಯೊದವರ ಗಂಟಲೇ ಬಿದ್ದುಹೋಯಿತು.

ಕ್ರೀಡಾಂಗಣದ ಪಾರ್ಕಿಂಗ್‌ನಲ್ಲಿ ರಸ್ ಸಾಸೇಜು ಸುಡುತ್ತ ಕಂಡವರ ಕೈಕುಲುಕುತ್ತಿದ್ದ.

"ನೂರ ನಲವತ್ತೊಂಬತ್ತು! ಇನ್ನು ಅವನನ್ನ ಯಾವನು ಮುಟ್ತಾನೆ ನೋಡೋಣ!"

"ಎರಡು ವಾರದ ಹಿಂದೆ ನೀನೇ ಅಲ್ವೇನೋ ಓಡಿಸ್ಬೇಕು ಅಂದಿದ್ದು?" ಪಕ್ಕದ ಕಾರಿನವನು ಕೇಳಿದ.

"ನಾನು ಎಚ್ಚೆತ್ಕೊಳ್ಳಲಿ ಅಂದಿದ್ದೆ. ಹೋಗ್ಲಿ ಅಂದಿದ್ನಾ?"

ಜೋಯ್ಸ್ ಜನರ ನಡುವಿನಿಂದ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಎಲ್ಲ ಮರೆತಿದ್ದಳು. ಕಿವಿಯಲ್ಲಿ — "ಹಳೇ ಕಪಾಟೆಲ್ಲ ಕಿತ್ತು ಹಾಕಿದಾರೆ ಕಣೇ, ಪಾತ್ರೆ ಬಾತ್‌ರೂಮಲ್ಲಿ ತೊಳೀತಿದೀನಿ!" ನಗುತ್ತಿದ್ದಳು.

ನಾನೂ ನಕ್ಕೆ.

ನವೆಂಬರ್ 16, ಭಾನುವಾರ

ನಿನ್ನೆ ಹಾಗೆ ಗೆದ್ದಮೇಲೆ ಕಾಲೇಜಿನವರು ಮನಸ್ಸು ಬದಲಿಸಿರಬಹುದು ಎಂದು ಬೆಳಿಗ್ಗೆಯವರೆಗೆ ಅಂದುಕೊಂಡಿದ್ದೆ. ಚರ್ಚಿನಿಂದ ಬರುವಷ್ಟರಲ್ಲಿ ಕ್ಯಾನ್ಸಸ್‌ನಿಂದ ಸಂದೇಶ. ಹೆಂಡತಿಯ ಜೊತೆ ಬರುತ್ತಾರಂತೆ, ಟಿಕೆಟ್ ಆಗಿದೆಯಂತೆ.

ಸಂಜೆ ಜೋಯ್ಸ್‌ಳ ಫೋನು. ನಿರ್ದೇಶಕರು ವಾಲ್ಟ್‌ನನ್ನು ಬರಹೇಳಿದ್ದಾರೆ, ಹೊಸ ಒಪ್ಪಂದದ ಸಹಿಗೇ ಇರಬೇಕು, ನೀಲಿ ಕೋಟು ಇಸ್ತ್ರಿ ಮಾಡಿದ್ದೇನೆ ಎಂದಳು. "ಬಿಳಿ ಶರ್ಟು ಒಪ್ಪುತ್ತೆ ಅಲ್ವಾ?"

ಒಪ್ಪುತ್ತೆ ಎಂದೆ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ವಾಲ್ಟ್, ನಿರ್ದೇಶಕರ ಕಚೇರಿ. ಮಧ್ಯಾಹ್ನ ಎರಡಕ್ಕೆ ಕ್ಯಾನ್ಸಸ್‌ನವರು. ಮೂರು ಮನೆ ತೋರಿಸುವುದು.