ಮಗಳು ಸರಿಹೋದಳು, ಮನೆಯವರನ್ನು ಏನು ಮಾಡಲಿ?

ಮಕ್ಕಳ ವರ್ತನೆ ತಿದ್ದುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಧನ್ಯಶ್ರೀಯ ವರ್ತನೆ ಸುಧಾರಿಸಿತು ಎಂಬ ಒಂದೇ ಅಪರಾಧಕ್ಕೆ ನಮ್ಮ ಕುಟುಂಬದ ಸಮಾಲೋಚನೆಯನ್ನು ತಾವು ಅರ್ಧಕ್ಕೇ ನಿಲ್ಲಿಸಿದ್ದೀರಿ. ಜ್ವರ ಬಿಟ್ಟ ಮೇಲೆ ಮಾತ್ರೆ ಯಾಕೆ ಎಂಬುದು ತಮ್ಮ ವಾದ. ನಮ್ಮ ಮನೆಯಲ್ಲಿ ಜ್ವರ ಬಂದದ್ದು ಇಬ್ಬರು ಗಂಡಸರಿಗೆ, ನಡುಗಿದ್ದು ಮಾತ್ರ ಹುಡುಗಿ. ಇದನ್ನು ತಮ್ಮಂಥ ತಿಳಿದವರಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದು ನನ್ನ ಕರ್ಮ.

ನಮ್ಮದು ಹೊಳೆಬಾಗಿಲಿನಲ್ಲಿ ಚಿಕ್ಕ ಹೋಟೆಲು. ಹಿನ್ನೀರು ದಾಟಲು ಲಾಂಚಿಗೆ ಕಾಯುವ ಜನ ಇಡ್ಲಿ ತಿನ್ನುತ್ತಿದ್ದರು, ನಾವು ಬದುಕುತ್ತಿದ್ದೆವು. ಸೇತುವೆಯಾದ ಮೇಲೆ ಕಾರುಗಳು ನಿಲ್ಲದೆ ಸಿಗಂದೂರು ದೇವಸ್ಥಾನಕ್ಕೆ ಹೋಗತೊಡಗಿದವು. ಹೋಟೆಲನ್ನು ರಸ್ತೆ ಬದಿಗೆ ಒಯ್ಯೋಣ ಎಂದರು ನನ್ನ ಯಜಮಾನರು. ಹಸಿದವರು ಹುಡುಕಿಕೊಂಡು ಬರುತ್ತಾರೆ ಎಂದರು ಮಾವ ಕನ್ನಪ್ಪನವರು. ಅಂದಿನಿಂದ ಅಪ್ಪ ಮಗ ಮಾತು ಬಿಟ್ಟರು. ನಮ್ಮ ಕಡೆ ಮಾತು ಬಿಡುವುದೆಂದರೆ ಸುಮ್ಮನಿರುವುದು ಅಂತಲ್ಲ. ಹೇಳಬೇಕಾದ್ದನ್ನೆಲ್ಲ ಹೇಳುತ್ತಾರೆ, ನಡುವೆ ಒಂದು ಮಗುವನ್ನು ನಿಲ್ಲಿಸಿಕೊಂಡು.

ಮಾವ ಗಲ್ಲಾದಲ್ಲಿ, ಯಜಮಾನರು ದೋಸೆ ಕಾವಲಿಯ ಎದುರು. ಕೈ ಚಾಚಿದರೆ ಒಬ್ಬರಿಗೊಬ್ಬರು ಸಿಗುತ್ತಾರೆ. "ಧನ್ಯಾ, ನಿನ್ನಪ್ಪಂಗೆ ಹೇಳು, ಚಟ್ನಿಗೆ ಉಪ್ಪು ಬಿದ್ದಿಲ್ಲ ಅಂತ." "ಧನ್ಯಾ, ನಿನ್ನಜ್ಜಂಗೆ ಹೇಳು, ನಾಲಿಗೆ ಸತ್ತಿದ್ರೆ ಚಟ್ನಿ ಏನ್ ಮಾಡುತ್ತೆ ಅಂತ." ಇಬ್ಬರಿಗೂ ಕೇಳಿಸಿದೆ. ಆದರೂ ಒಂಬತ್ತನೇ ಕ್ಲಾಸಿನ ಹುಡುಗಿ ಅದನ್ನು ಬಾಯಿಬಿಟ್ಟು ಒಪ್ಪಿಸುವ ತನಕ ಕೇಳಿಸಿದ ಲೆಕ್ಕವಿಲ್ಲ. ಅಪ್ಪನನ್ನು ಕತ್ತೆ ಅನ್ನುವುದು, ಅಜ್ಜನಿಗೆ ಅರಳುಮರಳು ಅನ್ನುವುದು ಎರಡೂ ಅವಳ ಪಾಲಿನ ಕೆಲಸವಾದವು. ಕೊನೆಗೊಂದು ದಿನ ಶಾಲೆಯಲ್ಲಿ ಪ್ರಶ್ನೆ ಕೇಳಿದ ಮೇಷ್ಟ್ರ ಎದುರೇ ನಿಂತು, ಪಕ್ಕದ ಹುಡುಗಿಗೆ, "ಸಾರ್‌ಗೆ ಹೇಳು, ನಂಗೆ ಉತ್ತರ ಗೊತ್ತಿಲ್ಲ ಅಂತ" ಎಂದಳಂತೆ. ಅವರು ಗದರಿದಾಗ ಜಾಮಿಟ್ರಿ ಬಾಕ್ಸು ಕಿಟಕಿಯಿಂದ ಆಚೆ ಹೋಯಿತು. ಮನೆಯಲ್ಲಿ ಲೋಟಗಳು ಹಾರತೊಡಗಿದವು. ವರ್ತನಾ ದೋಷವೆಂದು ಶಾಲೆಯವರು ಅವಳನ್ನು ಸಾಗರದ ತಮ್ಮ ಕಚೇರಿಗೆ ಕಳಿಸಿದರು.

ಅಲ್ಲಿನ ಸಮಾಲೋಚಕಿ ವಿನಯಾ ಮೇಡಂ ಹುಡುಗಿಯನ್ನಷ್ಟೇ ನೋಡಿ ಕಳಿಸಲಿಲ್ಲ. ಮನೆಯವರೆಲ್ಲ ಬನ್ನಿ, ಒಟ್ಟಿಗೆ ಕೂರೋಣ ಎಂದರು. ಧನ್ಯಾಳ ಮೂಲಕ ಯಾರೂ ಮಾತಾಡಬಾರದು ಎಂಬುದೊಂದೇ ಕಟ್ಟಳೆ. ಮಾವ ತಮ್ಮ ಅಹವಾಲನ್ನು ಗೋಡೆಯ ಕ್ಯಾಲೆಂಡರಿಗೆ ಹೇಳಿದರು. ಯಜಮಾನರು ಫ್ಯಾನಿಗೆ ಉತ್ತರ ಕೊಟ್ಟರು. "ಮೇಡಂ, ನೀವಾದ್ರೂ ಅವನಿಗೆ ಹೇಳಿ" ಎಂದು ಮಾವ ಅಂದರೆ, "ನಾನು ಟಪಾಲು ಒಯ್ಯಲ್ಲ ಕನ್ನಪ್ಪನೋರೇ" ಎಂದರು ಮೇಡಂ. ವಾರಗಟ್ಟಲೆ ಹೀಗೇ ನಡೆದು, ಒಂದು ದಿನ ಮಾವ ತಾಳಲಾರದೆ ಮಗನ ಕಡೆಗೇ ತಿರುಗಿ, "ಕತ್ತೆ, ನಿಂಗೆ ತಲೆ ಐತೇನೋ?" ಎಂದುಬಿಟ್ಟರು. ಸರಕಾರಿ ಕುರ್ಚಿಯಲ್ಲಿ ಕೂತು ನೇರವಾಗಿ ಬೈಸಿಕೊಂಡ ಯಜಮಾನರ ಮುಖ ಕೆಂಪಾಯಿತು. ಅವರೂ ನೇರವಾಗಿಯೇ ತಿರುಗಿ ಬೈದರು. ಆ ಗಲಾಟೆಯ ನಡುವೆ ಧನ್ಯಾ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಅವಳು ಹಾಗೆ ನಿದ್ದೆ ಮಾಡಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಆಮೇಲೆ ಲೋಟ ಹಾರಲಿಲ್ಲ.

ಅಷ್ಟಕ್ಕೇ ತಾವು ಕಡತ ಮುಚ್ಚಿದಿರಿ. ಯಾಕೆಂದು ಕೇಳಲು ಬಂದೆ. ತಾವು ಒಳಗೆ ಮೇಜಿನ ಹಿಂದೆ, ನಾನು ಬಾಗಿಲಲ್ಲಿ, ನಡುವೆ ಅಟೆಂಡರ್. "ಹುಡುಗಿ ಈಗ ಏನಾದ್ರೂ ಎಸೀತಾಳಾ ಅಂತ ಸಾಹೇಬ್ರು ಕೇಳ್ತಿದಾರೆ" ಎಂದರು ಅವರು. ಇಲ್ಲ ಎಂದೆ. "ಹಂಗಾದ್ರೆ ಸಮಸ್ಯೆ ಇಲ್ವಂತೆ. ದೊಡ್ಡೋರು ಯೋಜನೆಯಲ್ಲಿ ಬರಲ್ವಂತೆ. ಹೊಸನಗರ, ತೀರ್ಥಹಳ್ಳಿ ಕಡೆ ಎಸೆಯೋ ಮಕ್ಕಳೇ ಸಾಲುಗಟ್ಟಿದಾರಂತೆ." ತಮ್ಮ ಧ್ವನಿ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು ಸ್ವಾಮಿ. ತಮಗೂ ನನ್ನದು ಕೇಳಿಸಿರಬೇಕು. ಕಡತ ಮುಚ್ಚುವ ಮೊದಲು ತಾವೊಮ್ಮೆ ಆ ಕೋಣೆಗೆ ಬಂದಿದ್ದರೆ ವಿನಯಾ ಮೇಡಂ ತಮ್ಮನ್ನೂ ನಮ್ಮವರ ಪಕ್ಕ ಕೂರಿಸುತ್ತಿದ್ದರೋ ಏನೋ. ಇರಲಿ, ನನ್ನದೊಂದು ಪ್ರಶ್ನೆ. ಕೆಟ್ಟ ಮಗು ಯೋಜನೆಯ ಒಳಗೆ, ಕೆಡಿಸಿದವರು ಯೋಜನೆಯ ಹೊರಗೆ ಎಂಬ ಈ ನಿಯಮವನ್ನು ಬರೆದವರು ಯಾವ ಮನೆಯಲ್ಲಿ ಬೆಳೆದವರು?

ನೇರವಾಗಿ ಬೈದಾಡಿದ್ದರ ಫಲವಾಗಿ ಈಗ ಹೋಟೆಲು ರಸ್ತೆ ಬದಿಗೆ ಬಂದಿದೆ. ಬೋರ್ಡು ಸೇತುವೆಯ ಕಡೆ ಮುಖ ಮಾಡಬೇಕೋ, ಸಾಗರದ ಕಡೆಗೋ ಎಂಬ ವಿಷಯಕ್ಕೆ ಅಪ್ಪ ಮಗ ಮತ್ತೆ ಮಾತು ಬಿಟ್ಟಿದ್ದಾರೆ. ಎರಡೂ ಬದಿಗೆ ಬರೆಸಿ ಎಂದೆ. ಹೆಂಗಸರಿಗೆ ವ್ಯವಹಾರ ತಿಳಿಯುವುದಿಲ್ಲ ಎನ್ನುವಾಗ ಮಾತ್ರ ಇಬ್ಬರೂ ಒಂದಾದರು. ಮೊನ್ನೆ ಬೆಳಿಗ್ಗೆ "ಧನ್ಯಾ, ನಿನ್ನಪ್ಪಂಗೆ ಹೇಳು" ಎಂದು ಮಾವನ ಧ್ವನಿ ಕೇಳಿತು. ಜಡೆ ಹಾಕಿಸಿಕೊಳ್ಳುತ್ತಿದ್ದ ಹುಡುಗಿಯ ಮೈ ಬಿಗಿಯಾದದ್ದು ನನ್ನ ಕೈಗೇ ತಿಳಿಯಿತು. ಮೆಲ್ಲಗೆ ಕೇಳಿದಳು: "ಅಮ್ಮಾ, ನಾನು ಮತ್ತೆ ಹಾಳಾದ್ರೆ ಮೇಡಂ ಕರೀತಾರಾ?"

ಅವಳ ಪ್ರಶ್ನೆಗೆ ಉತ್ತರ ತಮ್ಮ ಬಳಿ ಇದೆ. ನಮ್ಮ ಮನೆಯ ಎಪ್ಪತ್ತು ದಾಟಿದ ಒಂದು ಮಗುವನ್ನೂ, ನಲವತ್ತು ದಾಟಿದ ಇನ್ನೊಂದನ್ನೂ ದಾಖಲಿಸಿಕೊಂಡು ಸಮಾಲೋಚನೆಯನ್ನು ಕೂಡಲೇ ಮುಂದುವರಿಸಿ. ನನ್ನ ಮಗಳು ಹಾಳಾಗಲು ತಯಾರಾಗಿದ್ದಾಳೆ, ಅವಳಿಗೆ ಆ ಕಷ್ಟ ಕೊಡಬೇಡಿ.

ಇಂತಿ,
ಸಮಸ್ಯೆಯೇ ಇಲ್ಲವೆಂದು ತಾವು ತೀರ್ಮಾನಿಸಿದ ಹುಡುಗಿಯ ತಾಯಿ,
ಪ್ರತಿಮಾ, ಹೊಳೆಬಾಗಿಲು