ಹದಿನಾಲ್ಕನೆಯ ಪ್ರಶ್ನೆ

ಮಾರ್ಚ್ ೯, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯಾ? ಮನೆಯವಳು, ಪುಟ್ಟಿ ಎಲ್ಲರೂ ಆರಾಮವೇ? ಬರೆಯುವುದು ತಡವಾಯಿತು, ಬೈಯಬೇಡ. ಯಾರಾದರೂ ಕೂರಿಸಿದರೆ ಮಾತ್ರ ನನ್ನ ಬಲಗೈ ಬರೆಯುತ್ತದೆ. ಕೂರಿಸುವವರಿಗೇ ಈಗ ಬರ.

ನಮ್ಮ 'ಗಡಿಯಾರ' ನೆನಪಿರಬೇಕಲ್ಲ, ಏಳು ಹೊಡೆಯುತ್ತಲೇ ಬಾಗಿಲು ತಟ್ಟುತ್ತಿದ್ದ ಸಹಾಯಕಿ? ಸ್ನಾನ ಮಾಡಿಸಿ, ಉಣ್ಣಿಸಿ, ಗಾಲಿಕುರ್ಚಿಗೆ ಕೂರಿಸುತ್ತಿದ್ದಳು. ಅವಳನ್ನು ಕಳಿಸುವ ನೆರವು ಕಚೇರಿಯವರು ಜನವರಿಯಿಂದ ಅವಳ ದಿನದ ನಾಲ್ಕು ಗಂಟೆಯ ಕೆಲಸವನ್ನು ಒಂದು ಗಂಟೆಗೆ ಇಳಿಸಿದ್ದಾರೆ. "ಅಕ್ಕಾ, ಇವತ್ತು ಸ್ನಾನಾನೋ, ಕುರ್ಚೀನೋ? ಎರಡೂ ಆಗಲ್ಲ" ಅನ್ನುತ್ತಾಳೆ, ಕಣ್ಣಲ್ಲಿ ನೀರು ತುಂಬಿಕೊಂಡು. ಎಷ್ಟೋ ದಿನ ಉಣ್ಣಿಸುವುದರಲ್ಲೇ ಗಂಟೆ ಮುಗಿದು ಎರಡೂ ಇಲ್ಲ. ಸ್ನಾನ ಕಂಡು ಒಂಬತ್ತು ದಿನವಾಯಿತು. ಮೂಗು ಮುಚ್ಚಿಕೊಳ್ಳೋಣವೆಂದರೆ ಕೈ ಅಲ್ಲಿಯ ತನಕ ಏಳಬೇಕಲ್ಲ!

ಕುರ್ಚಿಯಲ್ಲಿದ್ದ ದಿನ ಸಂಜೆ ಕೆಳಮನೆಯ ದರ್ಜಿ ದಂಪತಿ ಬಂದು ಮಲಗಿಸುತ್ತಾರೆ. ಉಳಿದ ದಿನ ಮಲಗಿದ್ದಲ್ಲೇ. ಹೊತ್ತಿಗೆ ತಿದ್ದಿ ಕೊಡಲಾಗದೆ ಪ್ರೆಸ್ಸಿನ ಪ್ರೂಫ್ ಕೆಲಸವೂ ಹೋಯಿತು. ಸೊಂಟದ ಕೆಳಗಿನ ಹುಣ್ಣು ಅಂಗಿ ಗುಂಡಿಯಷ್ಟಿದ್ದದ್ದು ಅಂಗೈಯಷ್ಟಾಗಿದೆ. "ಹೀಗೇ ಮಲಗಿದ್ರೆ ಮೂಳೆಗೆ ಇಳಿಯುತ್ತೆ" ಎಂದಳು ಹುಣ್ಣು ನೋಡಲು ಬಂದ ನರ್ಸ್. ನನಗೆ ಹೆದರಿಕೆಯಾಗಿದೆ ಕಣೋ.

ಡಿಸೆಂಬರಿನಲ್ಲಿ ನೀನು ಮೂರು ದಿನ ಬಂದಿದ್ದಾಗ ಕಚೇರಿಯವನು ಫಾರಂ ಹಿಡಿದು ಬಂದಿದ್ದನಲ್ಲ, ಹದಿನಾಲ್ಕನೆಯ ಪ್ರಶ್ನೆ ಕೇಳಿದ: "ಇವರನ್ನ ಎತ್ತಿ ಕೂರಿಸೋರು ಯಾರು?" ನಾನು ಬಾಯಿ ತೆರೆಯುವ ಮೊದಲೇ ನೀನು ಎದೆಯುಬ್ಬಿಸಿ, "ನಾನಿದೀನಲ್ಲ ಸರ್. ನಮ್ಮಕ್ಕನ್ನ ನಾನು ನೋಡ್ಕೋತೀನಿ" ಎಂದೆ. ಅವನು 'ಮನೆಯವರಿದ್ದಾರೆ' ಎಂದು ಗುರುತು ಹಾಕಿಕೊಂಡ. ಭಾನುವಾರ ನೀನು ಬಸ್ಸು ಹತ್ತಿದೆ. ನೀನು ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. 'ನಾನು ಅಕ್ಕನ ಜೊತೆ ವಾಸವಿಲ್ಲ, ಅವಳನ್ನು ನೋಡಿಕೊಳ್ಳಲು ನನ್ನಿಂದ ಆಗುವುದಿಲ್ಲ' ಎಂದಿದೆ. ಇಪ್ಪತ್ತನೇ ತಾರೀಖಿನೊಳಗೆ ನಿನ್ನ ಸಹಿ ಕಚೇರಿಗೆ ತಲುಪಿದರೆ ಗಂಟೆಗಳು ವಾಪಸ್ಸು ಸಿಗುತ್ತವೆ. ನಾನು ಮೂರು ಸಲ ಫೋನ್ ಮಾಡಿದಾಗಲೂ ನೀನು "ಹಂಗೆಲ್ಲ ಹೇಗೆ ಬರ್ಕೊಡ್ಲಿ ಅಕ್ಕಾ, ಜನ ಏನಂತಾರೆ?" ಎಂದೆ. ಜನ ಬಂದು ನನ್ನ ಮಗ್ಗುಲು ಬದಲಿಸುವುದಿಲ್ಲ ಮಾರಾಯಾ. ಮರ್ಯಾದೆಯನ್ನು ಒಂದು ನಿಮಿಷ ಪಕ್ಕಕ್ಕಿಟ್ಟು ಸಹಿ ಹಾಕು.

ಪುಟ್ಟಿಗೆ ನನ್ನ ಮುತ್ತು. ನಿಮ್ಮೆಲ್ಲರ ಕೈಕಾಲು ಗಟ್ಟಿಯಾಗಿರಲಿ.

ನಿನ್ನ
ಅಕ್ಕ

ತಾ.ಕ.: ಪೂರ್ತಿ ತಪ್ಪು ನಿನ್ನದಲ್ಲ. ಕಚೇರಿಯವನು ಗುರುತು ಹಾಕಿದ್ದು ನನ್ನ ಕಣ್ಣೆದುರಿಗೇ. ಹದಿನಾರು ವರ್ಷ ಕಂಡವರ ತಪ್ಪನ್ನೆಲ್ಲ ತಿದ್ದಿದವಳು ನಾನು. "ಅದು ತಪ್ಪು ಸರ್" ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಹೊರಗಿನವರೊಬ್ಬರ ಮುಂದೆ ನನ್ನ ಬಗ್ಗೆ ಯಾರೂ 'ನಾನು ನೋಡ್ಕೋತೀನಿ' ಎಂದದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಭಾನುವಾರ ನೀನು ಬ್ಯಾಗಿನ ಜಿಪ್ ಎಳೆಯುವವರೆಗೂ ಅದು ನಿಜವೆಂದೇ ನಂಬಿದ್ದೆ.