ಯಜಮಾನರ ಅಂಗಿ

ಶುಕ್ರವಾರ, ಮೂರನೇ ತಾರೀಕು.

ಬರೆದರೆ ಕೋಪ ಇಳಿಯುತ್ತದಂತೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಕೈಗೆ ಈ ನೋಟ್‌ಬುಕ್ ತುರುಕಿದವಳು ಯೂನಿವರ್ಸಿಟಿಗೆ ಹೋಗುವ ಮೊಮ್ಮಗಳು. ಕೋಪ ಇನ್ನೂ ಇಳಿದಿಲ್ಲ.

ಇವತ್ತು ಅವಳು ಮೆಚ್ಚಿದ ಹುಡುಗ, ದೊಡ್ಡ ಬಂಗಲೆಯವನು, ನಮ್ಮ ಇಸ್ತ್ರಿ ಅಂಗಡಿಗೆ ಬಂದ. ನನ್ನನ್ನು ಮೆಚ್ಚಿಸಲು ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡನಂತೆ. ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚೇ ಕಂದು ಕಲೆಯಾಗಿ ಕೂತಿತ್ತು.

"ಬಿಚ್ಚೋ ಅಂಗಿ!"

"ಇಲ್ಲೇನಾ, ಅಜ್ಜಿ?"

"ಇಲ್ಲಲ್ದೆ ಇನ್ನೆಲ್ಲಿ? ನಿಂಗೊಂದು ಅರಮನೆ ಕಟ್ಟಿಸ್ಲಾ?"

ಬನಿಯನ್ನಿನಲ್ಲೇ ನಿಂತು, ಅದೇ ಅಂಗಿಯ ಕಾಲರಿನಿಂದ ಶುರು ಮಾಡಿ ಇಸ್ತ್ರಿ ಕಲಿತ. ಬೆರಳು ಸುಟ್ಟರೂ ಬಿಡಲಿಲ್ಲ. ಹುಡುಗ ಪರವಾಗಿಲ್ಲ. ಆದರೆ ನಾವು ಇಸ್ತ್ರಿಯವರೆಂದು ತನ್ನ ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ!

ತೀರಿಹೋದ ನನ್ನ ಯಜಮಾನರ ಅಂಗಿ ತೊಡಿಸಿ ಕಳಿಸಿದ್ದೇನೆ. ಯಾರದ್ದೆಂದು ಅವನಮ್ಮ ಕೇಳಿಯೇ ಕೇಳುತ್ತಾಳೆ. ಏನು ಹೇಳಿದನೆಂದು ಹತ್ತನೇ ತಾರೀಕಿನೊಳಗೆ ನನಗೆ ಉತ್ತರ ಬೇಕು.